ದೇವರ ಪಾಲಿನ ಸೊನ್ನೆ

ನಮ್ಮ ಯಜಮಾನರು ತೀರಿಕೊಂಡ ಹದಿನೇಳನೆಯ ದಿನ ಮೈದುನ ಶರಣಯ್ಯ ಮನೆಯ ನಡುವೆ ಗೋಡೆ ಎಬ್ಬಿಸಿದ. ಇಟ್ಟಂಗಿ ಅವನೇ ಹೊತ್ತ, ಗಾರೆ ಅವನೇ ಕಲಸಿದ. ಗೌಂಡಿಯನ್ನು ಕರೆದರೆ ಅವನ ಜೊತೆ ಮಾತಾಡಬೇಕಾಗುತ್ತದೆ ಎಂದು. ಮುಂದಿನ ಎರಡು ಕೋಣೆ ಅವನಿಗೆ, ಹಿಂದಿನ ಅಡುಗೆಮನೆ ಮತ್ತು ಬಚ್ಚಲು ನನಗೆ. ಕರೆಂಟಿನ ಮೀಟರು ಅವನ ಕಡೆ ಉಳಿಯಿತು. ಮಕ್ತಲಿನಲ್ಲಿ ಅವನನ್ನು ಲೈಟ್ ಶರಣಯ್ಯ ಎನ್ನುತ್ತಾರೆ. ಅವನು ಎದುರಿಗಿಲ್ಲದಾಗ ಬೇರೆ ಹೆಸರುಗಳೂ ಇವೆ, ಅವನ್ನು ಬರೆಯುವುದಿಲ್ಲ.

ನಮ್ಮದು ಕಾಳಿನ ವ್ಯಾಪಾರದ ಮನೆತನ. ರಾಯಚೂರು ಕಡೆಯಿಂದ ಬಂದು ತೆಲಂಗಾಣದ ಈ ಮಕ್ತಲಿನಲ್ಲಿ ನೆಲೆ ನಿಂತು ನಾಲ್ಕು ತಲೆಮಾರಾಯಿತು. ಅಣ್ಣತಮ್ಮ ಇಬ್ಬರಿಗೂ ಅಂಗಡಿ ಹಿಡಿಸಲಿಲ್ಲ, ನಾಟಕದ ದೀಪದ ಕೆಲಸ ಹಿಡಿದರು. ನಮ್ಮ ಯಜಮಾನರು ಗಡಿಗೆಯ ಉಪ್ಪುನೀರಿನಲ್ಲಿ ತಾಮ್ರದ ತಗಡನ್ನು ಇಳಿಸಿ ಏರಿಸಿ ದೀಪವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಉಪ್ಪು ಅಳೆದು ಕಲಸುವುದು ನನ್ನ ಕೆಲಸ. ಅವರು ಹೋದ ಮೇಲೆ ಶರಣಯ್ಯ ಆ ಗಡಿಗೆಗಳನ್ನು ಒಂದೊಂದಾಗಿ ಹೊರಗೆ ತಂದು ನನ್ನ ಕಣ್ಣೆದುರಿಗೇ ಒಡೆದ. ಐದು ಗಡಿಗೆ.

ಅವನ ಸಿಟ್ಟು ಎಂಥದೆಂದರೆ, ಒಮ್ಮೆ ಧನ್ವಾಡದಲ್ಲಿ ನಾಟಕದ ರಾಜ ವೇದಿಕೆಯ ಮೇಲಿಂದಲೇ, "ಏ ಲೈಟಿನವನ, ನನ್ನ ಮಾರಿ ಕಾಣವಲ್ದು" ಎಂದು ಕೂಗಿದ. ಶರಣಯ್ಯ, "ಕಾಣದಿದ್ರ ಮಂದಿ ಪುಣ್ಯ" ಎಂದು ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ರಾಜ ಸಾಯುವ ದೃಶ್ಯ ಬ್ಯಾಟರಿ ಬೆಳಕಿನಲ್ಲಿ ಆಯಿತು. ಆದರೂ ಜನ ಅವನನ್ನು ಕರೆಯುತ್ತಿದ್ದರು. ಅವನಷ್ಟು ಚೆನ್ನಾಗಿ ದೀಪ ಹಾಕುವವರು ಸುತ್ತಿನಲ್ಲಿ ಇರಲಿಲ್ಲ. ಇದನ್ನೂ ಬರೆಯಬೇಕು, ಏಕೆಂದರೆ ಇದೂ ನಿಜ.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ, ಐವತ್ತೆರಡನೆಯ ವಯಸ್ಸಿನಲ್ಲಿ, ಅವನು ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದ. ಅಷ್ಟರಲ್ಲಿ ದೀಪಗಳೆಲ್ಲ ಎಲ್‌ಇಡಿ ಆಗಿದ್ದವು. ಎಷ್ಟು ಬೆಳಗಬೇಕು, ಯಾವ ಬಣ್ಣ ಎಂಬುದನ್ನು ಅವಕ್ಕೆ ಅಂಕಿಗಳಲ್ಲಿ ಹೇಳಬೇಕು. ಹೈದರಾಬಾದಿನವರು ಅದಕ್ಕಾಗಿ ಸಾಲು ಸಾಲು ಗುಂಡಿಗಳ ದೊಡ್ಡ ಯಂತ್ರ ಇಟ್ಟುಕೊಂಡಿರುತ್ತಾರೆ. ಇವನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ತಾನೇ ಪ್ರೋಗ್ರಾಂ ಬರೆಯಲು ಕುಳಿತ. ಓದಿದ್ದು ಒಂಬತ್ತನೆಯ ತರಗತಿ. ಫೋನಿನಲ್ಲಿ ಪಾಠ ಹಚ್ಚಿ, ಒಂದೊಂದು ಸಾಲಿಗೂ ನಿಲ್ಲಿಸಿ, ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿಯ ಹಾಗೆ ಪುಸ್ತಕಕ್ಕೆ ಇಳಿಸಿಕೊಂಡ. ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ಸಿಗುತ್ತಿತ್ತಂತೆ. "ಕಂಡವರ ಎಂಜಲ ನನಗ ಬ್ಯಾಡ" ಎಂದು ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ತಾನೇ ಜೋಡಿಸಿದ. ಎರಡು ವರ್ಷ ಹಿಡಿಯಿತು.

ಪ್ರೋಗ್ರಾಮಿಗೆ ಅಂಕಿ ತುಂಬುವಾಗ ಪಟ್ಟಿ ಓದಿ ಹೇಳಲು ಒಬ್ಬರು ಬೇಕಿತ್ತು. ಇಬ್ಬರನ್ನು ಕರೆದು ನೋಡಿದ. ಇಬ್ಬರೂ ಬೈಗುಳ ತಿಂದು ಹೋದರು. ಆಮೇಲೆ ಒಂದು ದಿನ ಗೋಡೆ ಬಡಿದ.

"ವೈನಿ, ನಿಮಗ ಅಂಕಿ ಓದಾಕ ಬರ್ತಾವಲ್ಲ?"

"ನಿನ್ನ ಕೆಲಸಕ್ಕ ಬರೂದಿಲ್ಲ."

"ಮೀಟರು ನನ್ನ ಕಡಿ ಐತಿ, ನೆನಪಿರ್ಲಿ."

ಅಂದಿನಿಂದ ನಾನು ಅಂಕಿ ಓದಿದೆ. ಅಕ್ಷರ ನನಗೆ ಅಷ್ಟಕ್ಕಷ್ಟೆ, ಅಂಕಿ ತಪ್ಪುವುದಿಲ್ಲ.

ಒಂದು ಸಲ ಕೇಳಿದೆ, ಇಷ್ಟು ದೀಪಕ್ಕೆ ಈ ಯಂತ್ರ ಒಂದೊಂದಾಗಿ ಹೇಳಿ ಮುಗಿಸುವುದು ಯಾವಾಗ ಎಂದು.

"ಒಂದೊಂದಕ್ಕ ಯಾರು ಹೇಳ್ತಾರ್ರೀ? ಕುರುಬರ ಹಟ್ಟ್ಯಾಗ ಮೂರು ಹಿಂಡು ಒಂದ ಬೇಲ್ಯಾಗ ಕೂಡಿಸಿರ್ತಾರಲ್ಲ, ಮಾರೆಪ್ಪ ಒಂದೊಂದು ಕುರಿ ಹೆಸರು ಹಿಡದು ಕರೀತಾನೇನು? ಒಂದು ಕೂಗು ಹಾಕ್ತಾನ. ಅವನ ಹಿಂಡು ತಲಿ ಎತ್ತತೈತಿ, ಉಳಿದದ್ದು ಮೆಲುಕು ಹಾಕ್ಕೋತ ಬಿದ್ದಿರತೈತಿ. ಇದೂ ಹಂಗ. ನನ್ನ ಕಂಪ್ಯೂಟರ್ ವಯರಿನ್ಯಾಗ ಒಂದ ಸಲ ಕೂಗತೈತಿ. ದೀಪದ ಪೆಟ್ಟಿಗಿ ಯಾವ ಹಿಂಡಿಗೆ ಸೇರೈತಿ, ಆ ಕೂಗಿಗೆ ಅಷ್ಟ ಏಳತೈತಿ."

"ಬ್ಯಾರೆ ಯಾರರ ಅದ ಕೂಗು ಹಾಕಿದ್ರ?"

"ಏಳತೈತಿ. ಅದಕ್ಕ ಕೂಗು ಗೊತ್ತು, ಕುರುಬ ಗೊತ್ತಿಲ್ಲ."

ಒಂದು ಹಿಂಡಿನ ಕೂಗಿನಲ್ಲಿ ಐನೂರ ಹದಿಮೂರು ಅಂಕಿ ಇರುತ್ತವೆ. ದೀಪಗಳಿಗೆ ಸೇರಿದ್ದು ಐನೂರ ಹನ್ನೆರಡು, ಒಂದೊಂದು ದೀಪಕ್ಕೆ ನಾಲ್ಕರಂತೆ: ಬೆಳಕು, ಕೆಂಪು, ಹಸಿರು, ನೀಲಿ. ಎಲ್ಲಕ್ಕಿಂತ ಮೊದಲಿನ ಅಂಕಿ ಯಾವ ದೀಪಕ್ಕೂ ಸೇರಿದ್ದಲ್ಲ. ಅಲ್ಲಿ ಸೊನ್ನೆ ಇರಲೇಬೇಕು. ಸೊನ್ನೆ ಕಂಡರೆ ಪೆಟ್ಟಿಗೆಗಳು ಇದು ದೀಪದ ಮಾತು ಎಂದು ಕಿವಿಗೊಡುತ್ತವೆ. ಬೇರೆ ಏನಿದ್ದರೂ ಇದು ನಮಗಲ್ಲ ಎಂದು ಬಿಡುತ್ತವೆ. ನಮ್ಮ ಅಂಗಡಿಯಲ್ಲಿ ಜೋಳ ಅಳೆಯುವಾಗ ಮೊದಲ ಸೇರನ್ನು ದೇವರ ಪಾಲು ಎಂದು ಬದಿಗೆ ಸುರಿದು, ಎರಡನೆಯ ಸೇರಿನಿಂದ ಎಣಿಸುತ್ತಿದ್ದರು. ಶರಣಯ್ಯ ಆ ಸೊನ್ನೆಗೂ ಅದೇ ಹೆಸರಿಟ್ಟ. ಪ್ರೋಗ್ರಾಮಿನಲ್ಲಿ ಕಿಟಕಿಯ ಸರಳಿನಂಥ ಒಂದು ಗುರುತು ಹಾಕಿದರೆ ಅದರ ಮುಂದಿನದನ್ನು ಯಂತ್ರ ಓದುವುದಿಲ್ಲ, ಮನುಷ್ಯರಿಗೆ ಮಾತ್ರ. ಅಲ್ಲಿ ಕನ್ನಡದಲ್ಲಿ 'ದೇವರ ಪಾಲು' ಎಂದು ಬರೆದು, ಕೆಳಗೆ ಸೊನ್ನೆ ಇಟ್ಟ. ನಾನು ಪ್ರತಿ ಪಟ್ಟಿಯನ್ನೂ "ದೇವರದು ಸೊನ್ನಿ" ಎಂದೇ ಶುರುಮಾಡುತ್ತಿದ್ದೆ.

ನಾರಾಯಣಪೇಟ ಬೇರೆ ಜಿಲ್ಲೆಯಾದ ವರ್ಷ, ರಾಜ್ಯ ಹುಟ್ಟಿದ ದಿನಕ್ಕೆ ಅಲ್ಲಿ ದೊಡ್ಡ ಕಾರ್ಯಕ್ರಮ ಎಂದು ಊರವರ ಸಮಿತಿ ತೀರ್ಮಾನಿಸಿತು. ಸಮಿತಿಯ ಹಿರಿಯ ಪೆದ್ದಯ್ಯ, ನಿವೃತ್ತ ಹೆಡ್‌ಮಾಸ್ತರ. ಅವರು ದೀಪದ ಕೆಲಸವನ್ನು ಇಬ್ಬರಿಗೆ ಹಂಚಿದರು. ವೇದಿಕೆಯ ಮೇಲಿನ ಮುಖ್ಯ ದೀಪಗಳು ಗದ್ವಾಲದ ಬಾಲರಾಜನವು, ಒಂದನೆಯ ಹಿಂಡು. ಎರಡೂ ಬದಿಯ ದೀಪಗಳು ಶರಣಯ್ಯನವು, ಎರಡನೆಯ ಹಿಂಡು. ಎಲ್ಲಕ್ಕೂ ಒಂದೇ ವಯರಿನ ಜಾಲ. ಯಾವ ಹಾಡಿಗೆ ಯಾವ ದೀಪ ಎಂಬ ಇಡೀ ಪಟ್ಟಿ ಬರೆದವನು ಶರಣಯ್ಯ. ನಲವತ್ತರ ಬಾಲರಾಜ ದುಬಾರಿ ದೀಪ ಇಟ್ಟಿದ್ದ, ಪಟ್ಟಿ ಬರೆಯುವ ತಾಳ್ಮೆ ಇರಲಿಲ್ಲ.

ಮೇ ತಿಂಗಳಲ್ಲಿ ಬಾಲರಾಜ ಪಟ್ಟಿ ಒಯ್ಯಲು ಮಕ್ತಲಿಗೆ ಬಂದ. ಶರಣಯ್ಯ ಟೆಂಪೋದವನ ಜೊತೆ ಜಗಳಕ್ಕೆ ಹೊರಗೆ ಹೋದಾಗ ಬಾಲರಾಜ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಚುಚ್ಚಿದ. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ನನ್ನನ್ನು ನೋಡಿ, "ಹಾಡು ಹಾಕ್ಕೊಳ್ಳಾಕ ಹತ್ತೀನಮ್ಮ" ಎಂದ. ಹಾಡಲ್ಲ ಎಂದು ನನಗೆ ಗೊತ್ತಿತ್ತು. ಶರಣಯ್ಯನಿಗೆ ಹೇಳಲಿಲ್ಲ. ಒಡೆದ ಐದು ಗಡಿಗೆ ನೆನಪಿದ್ದವು.

ಜೂನ್ ಒಂದರ ಮಧ್ಯಾಹ್ನ ನಾರಾಯಣಪೇಟದ ಫಂಕ್ಷನ್ ಹಾಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ತಾಲೀಮು ಇಟ್ಟರು. ಪಟ್ಟಿ ಓದಲು ನಾನೂ ಹೋಗಿದ್ದೆ. ಒಳಗೆ ಬೇಯುವ ಸೆಕೆ. ವೇದಿಕೆಯ ನಡುವೆ ತೆಲಂಗಾಣ ತಲ್ಲಿಯ, ಅಂದರೆ ರಾಜ್ಯದ ತಾಯಿಯ, ದೊಡ್ಡ ಪಟ, ಅದರ ಮೇಲೆ ಬಾಲರಾಜನ ಒಂದನೆಯ ದೀಪ. ಅದು ಆರಿದ್ದಾಗ ಉಳಿದವು ಬೆಳಗುತ್ತಿದ್ದವು, ಬಣ್ಣ ಮಾತ್ರ ಹಾಳು. ಕೆಂಪು ಕೇಳಿದರೆ ಬೇರೇನೋ. ತಲ್ಲಿಯ ಮೇಲಿನ ದೀಪಕ್ಕೆ ಹೊತ್ತು ಎಂದೊಡನೆ ಅದೂ ಹೊತ್ತುತ್ತಿರಲಿಲ್ಲ, ಎರಡು ಮೂರು ಸೆಕೆಂಡಿನಲ್ಲಿ ವೇದಿಕೆಯ ನಡುವೆಲ್ಲ ಕತ್ತಲಾಗುತ್ತಿತ್ತು. ಐದು ಸಲ ಮಾಡಿದರು, ಐದು ಸಲವೂ ಹಾಗೇ. ಶರಣಯ್ಯನ ಬದಿಯ ದೀಪಗಳು ಸರಿಯಾಗಿದ್ದವು. ಅವನು ಮೂರನೆಯ ಸಲ ಒಮ್ಮೆ ನಕ್ಕ. ಅದನ್ನು ಎಲ್ಲರೂ ನೋಡಿದರು.

ದೀಪದ ಪೆಟ್ಟಿಗೆಯ ಮೇಲೆ ಬೆರಳಗಲದ ಪರದೆ ಇರುತ್ತದೆ. ಈ ಹಿಂಡಿಗೆ ಯಾರು ಕೂಗುತ್ತಿದ್ದಾರೆ ಎಂದು ಅಲ್ಲಿ ಹೆಸರು ಬರುತ್ತದೆ. ಬಾಲರಾಜ ಬಗ್ಗಿ ತನ್ನ ಪೆಟ್ಟಿಗೆ ನೋಡಿದವನೇ ಕೂಗಿದ. "ಚೂಡಂಡಿ ಸಾರ್, ನೋಡ್ರಿ! ನನ್ನ ಪೆಟ್ಟಿಗ್ಯಾಗ ಇವನ ಹೆಸರು!"

ಪೆದ್ದಯ್ಯ ಕನ್ನಡಕ ಏರಿಸಿ ಓದಿದರು. ಇಂಗ್ಲಿಷ್ ಅಕ್ಷರದಲ್ಲಿ 'ಶರಣಯ್ಯ ಮಕ್ತಲ್' ಎಂದೇ ಇತ್ತು.

"ಏನಪಾ ಶರಣಯ್ಯ, ತಾಯಿ ಮ್ಯಾಲಿನ ದೀಪ ಹಚ್ಚಾಕ ಹೋದ ಕೂಡ್ಲೆ ಕತ್ತಲ. ಅವನ ಪೆಟ್ಟಿಗ್ಯಾಗ ನಿನ್ನ ಹೆಸರು. ಇದಕ್ಕ ಏನಂತಿ?"

"ನಿಮ್ಮ ಗದ್ವಾಲದವನ್ನ ಕೇಳ್ರಿ."

"ಇವರು ರಾಯಚೂರು ಕಡೆಯವರು ಸಾರ್," ಎಂದ ಬಾಲರಾಜ. "ಈ ರಾಜ್ಯ ಬಂದದ್ದ ಇವರಿಗೆ ಹೊಟ್ಟ್ಯಾಗ ಉರಿ. ಅದಕ್ಕ ತಾಯಿ ಮಾರಿಗೆ ಕತ್ತಲ ಮಾಡ್ತಾರ."

"ನಮ್ಮ ಮುತ್ತಜ್ಜ ಮಕ್ತಲ್ ಪ್ಯಾಟ್ಯಾಗ ಜ್ವಾಳ ಅಳಿಯೂ ಕಾಲಕ್ಕ ನಿಮ್ಮ ಮುತ್ತಜ್ಜ ಎಲ್ಲಿದ್ದ ಅಂತ ಮನಿಗೆ ಹೋಗಿ ಕೇಳಲೇ!"

"ಏ ಮುದುಕಾ, ಲೇ ಗೀ ಅಂದ್ರ ನೆಟ್ಟಗಾಗಂಗಿಲ್ಲ!"

ಪೆದ್ದಯ್ಯ ಕೋಲು ಬಡಿದರು. "ಸಾಕು. ಶರಣಯ್ಯ, ಮಾಡಿಯೋ ಇಲ್ಲೋ, ಒಂದ ಮಾತು ಹೇಳು. ಮಾಡಿದ್ದು ಖರೇ ಆದ್ರ ಮಕ್ತಲದಿಂದ ಗದ್ವಾಲ ತನಕ ನಿನಗ ಒಂದು ಸ್ಟೇಜೂ ಸಿಗದಂಗ ಮಾಡ್ತೀನಿ. ನನ್ನ ಕೈಲಿ ಆಗತೈತಿ, ನಿನಗೂ ಗೊತ್ತು."

ಆಗುತ್ತಿತ್ತು. ಸುತ್ತಿನ ಎಲ್ಲ ಸಮಿತಿಗಳೂ ಅವರ ಮಾತು ಕೇಳುತ್ತಿದ್ದವು. ಶರಣಯ್ಯನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಸ್ನೇಹಿತರಂತೂ ಇಲ್ಲವೇ ಇಲ್ಲ. ವೇದಿಕೆಯ ಬದಿಯ ಆ ಮೂರು ಅಡಿ ಜಾಗ ಹೋದರೆ ಅವನಿಗೆ ಏನೂ ಉಳಿಯುತ್ತಿರಲಿಲ್ಲ. ಆದರೂ ಅವನು ಕೈಕಟ್ಟಿ ಕುಳಿತ. "ನನ್ನ ಬಾಯಿಲೆ ಏನೂ ಹೇಳಂಗಿಲ್ಲ. ಕಣ್ಣಿದ್ದವ್ರು ನೋಡ್ಕೊಳ್ರಿ."

ಅವನ ಮೇಲೆ ನನಗೆ ಕನಿಕರ ಬರಲಿಲ್ಲ. ಪೆನ್‌ಡ್ರೈವ್ ನೋಡಿದವಳು ನಾನು. ಸುಳ್ಳಿಗೆ ಸಾಕ್ಷಿಯಾಗಿ ಕುಳಿತಿರುವುದು ಆಗಲಿಲ್ಲ. ಅವನ ಲ್ಯಾಪ್‌ಟಾಪಿಗೆ ಬಂದಿದ್ದ ನೀಲಿ ವಯರನ್ನು ಹಿಡಿದು ಕಿತ್ತೆ.

"ವೈನಿ!" ಎಂದು ಶರಣಯ್ಯ ಎದ್ದ. ಅವನ ಬದಿಯ ದೀಪಗಳು ಆರಿದವು.

"ಪೆದ್ದಯ್ಯನೋರ, ಇವನ ವಯರು ನನ್ನ ಕೈಯಾಗ ಐತಿ. ಈಗ ಇವ ಕೂಗಿದ್ರೂ ಯಾರಿಗೂ ಕೇಳಂಗಿಲ್ಲ. ಹೋಗಿ ಆ ಪೆಟ್ಟಿಗಿ ನೋಡ್ರಿ."

ಅವರು ಹೋಗಿ ನೋಡಿದರು. 'ಶರಣಯ್ಯ ಮಕ್ತಲ್' ಅಲ್ಲೇ ಇತ್ತು. ಬಾಲರಾಜನ ಲ್ಯಾಪ್‌ಟಾಪಿನ ವಯರನ್ನೂ ಕೀಳಲು ಹೇಳಿದೆ. ಕಿತ್ತ ಮೇಲೆ ಹೆಸರು ಹೋಯಿತು.

"ಬಾಲರಾಜ್," ಎಂದರು ಪೆದ್ದಯ್ಯ, "ಏಮಿಟಿದಿ? ಏನಿದು?"

ಬಾಲರಾಜ ನಾಚಲಿಲ್ಲ. "ಕಾಪಿ ಹೊಡದೀನಿ ಸಾರ್. ಯಾರು ಹೊಡಿಯಂಗಿಲ್ಲ? ಹೆಸರು ತಗಿಯಾಕ ಮರತೀನಿ. ಆದ್ರ ನಾ ಅದನ್ನ ಸುಧಾರಿಸೀನಿ. ಅದರಾಗ ಕನ್ನಡದಾಗ ದೇವರ ಪಾಲು ಅಂತ ಬರದು ಒಂದು ಸೊನ್ನಿ ಇಟ್ಟಿದ್ದ. ಕಂಪ್ಯೂಟರಿನ್ಯಾಗೂ ಸಾವಕಾರರ ಪೂಜಿ! ತಗದು ಒಗದೆ."

"ಒಗದು?" ಎಂದ ಶರಣಯ್ಯ.

"ಒಂದು ಅಂಕಿ ಕಡಿಮಿ ಬಿತ್ತು. ಕೊನೀಗೆ ಒಂದು ಸೊನ್ನಿ ಹಾಕಿದೆ. ಐನೂರ ಹದಿಮೂರು ಆತು, ಲೆಕ್ಕ ಸಮ."

"ಸಮ! ಕೇಳಿದ್ರೇನ್ ವೈನಿ? ತಲಿ ಮ್ಯಾಲಿನ ರುಮಾಲ ಬಿಚ್ಚಿ ಕಾಲಿಗೆ ಸುತ್ಕೊಂಡಾನ, ಅರಿವಿ ಅಷ್ಟ ಐತಿ ಅಂತಾನ."

ಆದದ್ದು ಇಷ್ಟೇ. ಸಾಲೆಲ್ಲ ಒಂದು ಸ್ಥಾನ ಹಿಂದಕ್ಕೆ ಸರಿದಿತ್ತು. ಒಂದನೆಯ ದೀಪದ ಬೆಳಕಿನ ಅಂಕಿ ದೇವರ ಜಾಗಕ್ಕೆ ಬಂದು ಕುಳಿತಿತ್ತು. ಆ ದೀಪ ಆರಿದ್ದಾಗ ಅಲ್ಲಿ ತಾನಾಗಿಯೇ ಸೊನ್ನೆ, ಪೆಟ್ಟಿಗೆಗಳು ಕೇಳುತ್ತಿದ್ದವು, ಬಣ್ಣ ಮಾತ್ರ ತಪ್ಪುತ್ತಿತ್ತು. ಅದನ್ನು ಹೊತ್ತಿಸಲು ಹೋದರೆ ಸೊನ್ನೆ ಹೋಗಿ ದೊಡ್ಡ ಅಂಕಿ ಬರುತ್ತಿತ್ತು, ಪೆಟ್ಟಿಗೆಗಳು ಕಿವಿ ಮುಚ್ಚಿಕೊಳ್ಳುತ್ತಿದ್ದವು, ಕೂಗು ಕೇಳದೆ ದೀಪಗಳು ಆರುತ್ತಿದ್ದವು. ಶರಣಯ್ಯನಿಗೆ ಮೂರನೆಯ ಸಲವೇ ತಿಳಿದಿತ್ತು.

ನ್ಯಾಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರ್ಡಿನಲ್ಲಿ ಬಾಲರಾಜನ ಹೆಸರು ಅಚ್ಚು ಹಾಕಿಸಿ ಆಗಿತ್ತು. ಪೆದ್ದಯ್ಯ ಗಂಟಲು ಸರಿಮಾಡಿಕೊಂಡು, "ಆದದ್ದು ಆತು. ದೊಡ್ಡ ದೀಪ ಅವನವು, ಅವನ ನಡಸ್ತಾನ. ಶರಣಯ್ಯ, ನೀ ಆ ತಪ್ಪು ತಿದ್ದಿಕೊಟ್ಟು ನಿನ್ನ ಬದಿ ದೀಪ ನೋಡ್ಕೊ. ತಿದ್ದಂಗಿಲ್ಲ ಅಂದ್ರ ನಾ ಮೊದಲು ಹೇಳಿದ ಮಾತು ಹಂಗ ಐತಿ" ಎಂದರು.

"ಪ್ರೋಗ್ರಾಂ ನಂದು ಅಂತ ಅವ ಮೈಕಿನ್ಯಾಗ ಹೇಳ್ಲಿ, ತಿದ್ತೀನಿ."

"ನನ್ನ ಚಪ್ಪಲಿ ಹೇಳತೈತಿ," ಎಂದ ಬಾಲರಾಜ.

ಪೆದ್ದಯ್ಯ ಗಡಿಯಾರ ನೋಡಿದರು.

ಶರಣಯ್ಯ ಹೋಗಿ ಬಾಲರಾಜನ ಕುರ್ಚಿಯನ್ನು ಕಾಲಿನಿಂದ ಸರಿಸಿ, ನಿಂತುಕೊಂಡೇ ಮೊದಲಿಗೆ ಸೊನ್ನೆ ಇಟ್ಟ, ಕೊನೆಯ ಸೊನ್ನೆ ತೆಗೆದ. ತನ್ನ ಹೆಸರು ಅಳಿಸಿ ಬಾಲರಾಜನ ಹೆಸರು ಬರೆದ. ತಲ್ಲಿಯ ಮೇಲೆ ದೀಪ ಹೊತ್ತಿತು, ಬಣ್ಣ ಸರಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಬಾಲರಾಜನ ಕಡೆ ನೋಡಿ. ಮುದುಕನ ಸೊಕ್ಕು ಮುರಿಯಿತು ಎಂದು ಯಾರೋ ತೆಲುಗಿನಲ್ಲಿ ಅಂದರು. ನಾನೂ ಹಾಗೇ ತಿಳಿದೆ.

ಮರುದಿನ ಬೆಳಿಗ್ಗೆ ಗೋಡೆ ಬಡಿದು ಹೊಸ ಪಟ್ಟಿ ಕೊಟ್ಟ. ಎರಡೂ ಹಿಂಡಿನ ಅಂಕಿ ಅದರಲ್ಲಿದ್ದವು. ಪಟ್ಟಿಯ ತಲೆಯ ಮೇಲೆ ಯಾವಾಗಲೂ ನೂರು ಇರುತ್ತಿದ್ದ ಕಡೆ ನೂರೈವತ್ತು ಇತ್ತು.

"ಇದೇನು?"

"ಇಬ್ಬರು ಕುರುಬರು ಒಂದ ಹಿಂಡಿಗೆ ಕೂಗಿದ್ರ ಪೆಟ್ಟಿಗಿ ಯಾರ ಮಾತು ಕೇಳಬೇಕ್ರೀ? ಕೂಗಿನ ಮುಂದ, ಆ ಐನೂರ ಹದಿಮೂರರ ಹೊರಗ, ಈ ಅಂಕಿ ಇರತೈತಿ. ಯಾರದು ದೊಡ್ಡದೋ ಅವನ ಮಾತು ನಡೀತೈತಿ. ಬಾಲರಾಜಂದು ನೂರು."

"ನಿನ್ನಿ ಮಾಡಿಲ್ಲ ಅಂದದ್ದನ್ನ ಇವತ್ತು ಮಾಡ್ತೀಯೇನು?"

"ಮಾಡದ ಬೈಸ್ಕೊಂಡೀನಲ್ಲ, ಅದು ಸುಮ್ನ ಹೋಗಬೇಕೇನು?"

"ಇನ್ನೂ ಮ್ಯಾಲೆ ಇಡಾಕ ಬರೂದಿಲ್ಲೇನು?"

"ಇನ್ನೂರರ ತನಕ ಇಡಬಹುದು. ಆದ್ರ ಅದು ದುರಾಸಿ ಆಗತೈತಿ."

ಪೆದ್ದಯ್ಯನಿಗೆ ನಾನು ಹೇಳಬಹುದಿತ್ತು. ಹೇಳಲಿಲ್ಲ. ಸೀರೆ ಬದಲಿಸಿ ಟೆಂಪೋ ಹತ್ತಿದೆ.

ಸಂಜೆ ಆರಕ್ಕೆ ಕಾರ್ಯಕ್ರಮ ಶುರುವಾಯಿತು. ನಾನು ಅಂಕಿ ಓದಿದೆ, ಶರಣಯ್ಯ ಒತ್ತಿದ, ಇಡೀ ವೇದಿಕೆ ಅವನ ಮಾತು ಕೇಳಿತು. ಎದುರು ಬದಿಯಲ್ಲಿ ಬಾಲರಾಜನೂ ಅದೇ ಪಟ್ಟಿ ನೋಡಿ ಒತ್ತುತ್ತಿದ್ದ, ಹಾಗಾಗಿ ಎರಡು ಹಾಡು ಮುಗಿಯುವವರೆಗೆ ಅವನಿಗೆ ತಿಳಿಯಲಿಲ್ಲ. ಮೂರನೆಯ ಹಾಡಿನಲ್ಲಿ ಅವನು ಕೆಂಪು ಎಂದಾಗ ಶರಣಯ್ಯ ಬೇಕೆಂದೇ ನೀಲಿ ಕೊಟ್ಟ. ಬಾಲರಾಜ ಮತ್ತೆ ಮತ್ತೆ ಒತ್ತಿದ. ಪೆಟ್ಟಿಗೆ ನೋಡಿದ. ಪರದೆಯ ಹಿಂದಿನಿಂದ ಓಡಿ ಬಂದ.

"ತಗಿ ನಿನ್ನ ವಯರು!"

"ಯಾಕಪ? ಪೆದ್ದಯ್ಯನೋರು ಮುಂದಿನ ಸಾಲಿನ್ಯಾಗ ಕುಂತಾರ. ಹೋಗಿ ಹೇಳು. ಇಷ್ಟೊತ್ತನ ದೀಪ ನಡಸಿದವ ನಾ ಅಲ್ಲ, ನಾ ಬರೇ ಗುಂಡಿ ಕುಟ್ಟಾಕ ಹತ್ತಿದ್ದೆ ಅಂತ ಹೇಳು."

ಬಾಲರಾಜ ಪರದೆ ಸರಿಸಿ ಮುಂದಿನ ಸಾಲಿನ ಕಡೆ ನೋಡಿದ.

"ಕೊನೀಗೆ ನಿನಗ ಶಾಲು ಹೊದಿಸ್ತಾರ," ಎಂದ ಶರಣಯ್ಯ, ಅವನ ಕಡೆ ತಿರುಗದೆ. "ಆಗ ತಾಯಿ ಮ್ಯಾಲಿನ ದೀಪ ನನ್ನ ಬೆರಳಿನ ಕೆಳಗ ಇರತೈತಿ. ಪ್ರೋಗ್ರಾಂ ಯಾರದು ಅಂತ ಮೈಕಿನ್ಯಾಗ ಹೇಳು. ಹೇಳಲಿಲ್ಲ, ನಿನ್ನ ದೀಪ, ನಿನ್ನ ಕತ್ತಲ. ವೈನಿ, ಮುಂದಿನ ಅಂಕಿ."

ಬಾಲರಾಜ ಹೋಗಿ ತನ್ನ ಜಾಗದಲ್ಲಿ ಕುಳಿತ. ಜನ ನೋಡುತ್ತಾರೆಂದು ಗುಂಡಿ ಒತ್ತುವುದನ್ನು ಮಾತ್ರ ಬಿಡಲಿಲ್ಲ.

ಶಾಲು ಹೊದಿಸುವಾಗ ಶರಣಯ್ಯ ತಲ್ಲಿಯ ಮೇಲಿನ ದೀಪದ ನಾಲ್ಕೂ ಅಂಕಿಯನ್ನು ಇನ್ನೂರ ಐವತ್ತೈದಕ್ಕೆ ಏರಿಸಿದ. ಅದಕ್ಕಿಂತ ಮೇಲೆ ಇಲ್ಲ. ಬಾಲರಾಜ ಕಣ್ಣು ಬಿಡಲಾರದೆ ಮೈಕು ಹಿಡಿದು, ಎಲ್ಲರಿಗೂ ನಮಸ್ಕಾರ ಎಂದ, ನಿಂತ. ಶರಣಯ್ಯ ಬೆಳಕನ್ನು ಅರ್ಧಕ್ಕೆ ಇಳಿಸಿದ. ಬಾಲರಾಜ ಬಾಯಿ ಬಿಟ್ಟ. "ಈ ದೀಪದ ಪ್ರೋಗ್ರಾಂ ಬರದವರು ಮಕ್ತಲ್ ಶರಣಯ್ಯನೋರು. ನಡಸಿದವರೂ ಅವರ." ಎರಡನೆಯ ಮಾತನ್ನು ಹೇಳೆಂದು ಯಾರೂ ಅಂದಿರಲಿಲ್ಲ, ಹೆದರಿಕೆಯಿಂದ ತಾನಾಗಿ ಬಂತು. ಸಾವಿರ ಜನ ಕೇಳಿದರು.

ಪೆದ್ದಯ್ಯ ಇನ್ನೊಂದು ಶಾಲು ತರಿಸಿಕೊಂಡು ನಮ್ಮ ಬದಿಗೆ ಬಂದರು. "ಕೆಲಸದಾಗ ಅದೀನಿ, ಅಲ್ಲಿ ಇಟ್ಟು ಹೋಗ್ರಿ" ಎಂದ ಶರಣಯ್ಯ. ಅವರು ಕುರ್ಚಿಯ ಮೇಲೆ ಇಟ್ಟು ಹೋದರು. ಟೆಂಪೋದಲ್ಲಿ ದೀಪಗಳು ಒಂದಕ್ಕೊಂದು ಬಡಿಯಬಾರದೆಂದು ಅದನ್ನು ನಡುವೆ ತುರುಕಿದ.

ಅವನ ವೇದಿಕೆ ತಪ್ಪಲಿಲ್ಲ. ಕೊತ್ತಪಲ್ಲಿಯಿಂದ, ಧನ್ವಾಡದಿಂದ ಅವನ ಹೆಸರು ಹಿಡಿದೇ ಕರೆಗಳು ಬಂದವು. ಕರೆದವರಿಗೆಲ್ಲ ಮೊದಲು ಬೈದು ಆಮೇಲೆ ಹೋದ. ಆ ವರ್ಷವೇ ಗದ್ವಾಲದ ಒಂದು ನಾಟಕಕ್ಕೆ ಅವನನ್ನೂ ಬಾಲರಾಜನನ್ನೂ ಕೂಡಿಸಿ ಕರೆದರು. ಜೂರಾಲ ಅಣೆಕಟ್ಟು ದಾಟಿ ಹೋದೆವು. ಬಾಲರಾಜ ಈ ಸಲ ಬುದ್ಧಿ ಕಲಿತು ಮೇಲುಗೈಯ ಅಂಕಿಯನ್ನು ಇನ್ನೂರಕ್ಕೆ ಇಟ್ಟಿದ್ದ. ಶರಣಯ್ಯನೂ ಇನ್ನೂರು ಇಟ್ಟಿದ್ದ. ಇಬ್ಬರದೂ ಸಮವಾದರೆ ಆ ಪೆಟ್ಟಿಗೆಗಳು ಯಾರು ಹೆಚ್ಚು ಬೆಳಕು ಕೇಳಿದರೋ ಅವರ ಮಾತು ನಡೆಸುತ್ತವೆ. ಒಬ್ಬ ಹೊತ್ತಿಸಿದ್ದನ್ನು ಇನ್ನೊಬ್ಬ ಆರಿಸಲಾಗಲಿಲ್ಲ. ಇಬ್ಬರೂ ಬಿಡಲಿಲ್ಲ. ಕಾಡಿನ ಕತ್ತಲಲ್ಲಿ ದಾರಿ ತಪ್ಪಿದ ರಾಣಿ ಮಟಮಟ ಮಧ್ಯಾಹ್ನದಂಥ ಬೆಳಕಿನಲ್ಲಿ ತಡಕಾಡುತ್ತ ಅತ್ತಳು, ಜನ ನಕ್ಕರು. ನಾಟಕದ ಯಜಮಾನ ಬಂದು ಇಬ್ಬರಿಗೂ ಬೈಯತೊಡಗಿದ. ಆಗ ಮಾತ್ರ ಇಬ್ಬರೂ ಒಂದಾಗಿ ಅವನ ಮೇಲೆ ಬಿದ್ದರು.